ಜಾಂಬರನ ಎಡಗಿವಿ

ಗಢಗಾಂವ್
ಕಾರ್ತಿಕ ಶುದ್ಧ ಪಂಚಮಿ

ನನ್ನ ಮುದ್ದಿನ ತಮ್ಮ ಜಾಂಬರನಿಗೆ,

ನಿನ್ನ ಓಲೆ ಕೈಸೇರಿ ತಿಂಗಳಾಯಿತು. ಉತ್ತರ ಬರೆಯಲೆಂದು ಮೂರು ಸಲ ಕೂತೆ, ಮೂರು ಸಲವೂ ಎದ್ದೆ. ಕೋಪಿಸಿಕೊಳ್ಳಬೇಡ. ಅಜ್ಜಿಗೆ ಕಣ್ಣು ಮಂಜಾಗಿದೆ, ಬಾಯಿ ಮಾತ್ರ ಹಾಗೇ ಇದೆ. "ಬೆಟ್ಟದ ನೀರು ಕುಡಿದು ನನ್ನನ್ನೇ ಮರೆತನಲ್ಲ, ಪೋರ!" ಎಂದು ದಿನಾ ಬೈಯುತ್ತಾಳೆ. ನಿನಗೆಂದು ಮುಗಾ ರೇಷ್ಮೆಯ ಹೊದಿಕೆ ನೇಯ್ದು, ಒಣಮೀನಿನ ಜೊತೆ ಕಳಿಸಿದ್ದೇನೆ. ಮೀನಿನ ವಾಸನೆ ಹೊದಿಕೆಗೆ ಹತ್ತಿದ್ದರೆ ಎರಡು ದಿನ ಬಿಸಿಲಿಗೆ ಹಾಕು.

ಆ ಮಂತ್ರಿ ಸತ್ತ. ಹೊಸ ರಾಜರು ಊರು ಬಿಟ್ಟ ಅರಸುಮಕ್ಕಳನ್ನೆಲ್ಲ ಮರಳಿ ಕರೆಯುತ್ತಿದ್ದಾರೆ. ನೀನೂ ಬರಬಹುದು. ಆದರೆ ನೀನು ಬರೆದಿದ್ದೆಯಲ್ಲ, "ಬಂದ ದಿನವೇ ಕಾವಲಿನ ಮೊಘಾಯ್‌ನ ತಲೆ ತೆಗೀತೀನಿ. ನನ್ನ ಕಿವಿ ಕೊಯ್ದವರಿಗೆ ಬಾಗಿಲು ತೆಗೆದವನು ಅವನೇ" ಎಂದು. ಅದನ್ನು ಓದಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಅವನು ಯಾರಿಗೂ ಬಾಗಿಲು ತೆಗೆಯಲಿಲ್ಲ, ಜಾಂಬರ. ಆ ದಿನ ಯಾರೂ ಬರಲೇ ಇಲ್ಲ.

ನಿನಗಾಗ ಒಂಬತ್ತು ವರ್ಷ, ನನಗೆ ಹದಿನಾರು. ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. ಮುದಿ ರಾಜರು ಹಾಸಿಗೆ ಹಿಡಿದಿದ್ದರು. ತನ್ನ ಮೊಮ್ಮಗನನ್ನು ಪಟ್ಟಕ್ಕೆ ಕೂರಿಸಲು ಮಂತ್ರಿ ಉಳಿದ ಅರಸುಮಕ್ಕಳನ್ನು ಒಬ್ಬೊಬ್ಬರಾಗಿ ಹಿಡಿಸುತ್ತಿದ್ದ. ದೊಡ್ಡಪ್ಪನ ಮಗ ಲಾಂಗಿಯನ್ನು ಕರೆದೊಯ್ದವರು ಮಾರನೆಯ ದಿನ ಅವನ ರುಮಾಲನ್ನಷ್ಟೇ ತಂದುಕೊಟ್ಟರು.

ಆಗ ಅಜ್ಜಿ ಅಂದಳು: "ಮೈಯಲ್ಲಿ ಊನ ಇರೋನು ಪಟ್ಟ ಏರೋ ಹಾಗಿಲ್ಲ. ಊನ ಮಾಡಿದ್ರೆ ಕೂಸು ಉಳಿಯುತ್ತೆ."

ಮೊಘಾಯ್ ಅತ್ತೇಬಿಟ್ಟ. "ನನ್ನ ಕೈಲಾಗಲ್ಲಮ್ಮಾ, ಹೆಗಲ ಮೇಲೆ ಹೊತ್ತು ಆಡಿಸಿದೀನಿ."

ಅಜ್ಜಿ ಚಾಕು ಎತ್ತಿಕೊಂಡವಳು ಮತ್ತೆ ಕೆಳಗಿಟ್ಟಳು. ಅಫೀಮು ಬೆರೆಸಿದ ಹಾಲು ಕುಡಿದು ನೀನು ನನ್ನ ತೊಡೆಯ ಮೇಲೆ ಮಲಗಿದ್ದೆ. ಮಗ್ಗದ ದಾರ ಕತ್ತರಿಸುವ ಚಾಕುವಿನಿಂದ ನಿನ್ನ ಎಡಗಿವಿಯನ್ನು ನಾನೇ, ಈ ಬಲಗೈಯಿಂದ ಕೊಯ್ದೆ.

ಮರುದಿನ ಮಂತ್ರಿಯ ಜನ ಬಂದರು. ಅವರ ಮುಖ್ಯಸ್ಥ ಕಟ್ಟು ಬಿಚ್ಚಿ ನೋಡಿ ನಕ್ಕ: "ನಮಗಿಂತ ಮೊದಲೇ ಯಾರೋ ಕೆಲಸ ಮುಗಿಸಿದಾರಲ್ರೋ! ಈ ಮೋಟುಗಿವಿಯವನನ್ನ ಯಾರು ರಾಜ ಅಂತಾರೆ? ನಡೀರಿ, ನಡೀರಿ."

ಶತ್ರುಗಳು ಬಂದು ಕೊಯ್ದರೆಂದು ನಿನಗೆ ಹೇಳಿದವಳು ಅಜ್ಜಿ. ಸುಮ್ಮನಿದ್ದವಳು ನಾನು. ಗಾಯ ಮಾಗಿದ ಮೇಲೆ ನಿನ್ನನ್ನು ಬೆಟ್ಟಕ್ಕೆ ಕಳಿಸಿದೆವು.

ನಿನ್ನೆ ಮೊಘಾಯ್‌ಗೆ ನಿನ್ನ ಓಲೆಯನ್ನು ಓದಿ ಹೇಳಿದೆ. "ಹಾಗೇ ಇರ್ಲಿ ಬಿಡಮ್ಮಾ," ಅಂದ. "ಕೋಪ ನನ್ನ ಮೇಲೇ ಇರ್ಲಿ. ಅವನಿಗಿರೋದು ಒಬ್ಬಳೇ ಅಕ್ಕ."

ಅದಕ್ಕೇ ಬರೆಯುತ್ತಿದ್ದೇನೆ. ಕೋಪ ತೀರಿಸಿಕೊಳ್ಳುವುದಿದ್ದರೆ ನನ್ನ ಹತ್ತಿರ ಬಾ. ಆ ಮುದುಕನನ್ನು ಮುಟ್ಟಬೇಡ. ನೀನು ಬರದೇ ಹೋದರೂ ನಾನು ತಪ್ಪು ತಿಳಿಯುವುದಿಲ್ಲ. ಎಲ್ಲೇ ಇರು, ಹೊಟ್ಟೆ ತುಂಬ ಉಣ್ಣು, ನೂರು ಕಾಲ ಬಾಳು.

ನಿನ್ನ ಅಕ್ಕ,
ಪದುಮಿ

ತಾ.ಕ.: ಆ ವಾರವೆಲ್ಲ ಜ್ವರದಲ್ಲಿ ನೀನು ನನ್ನ ಬಲಗೈಯನ್ನು ಎದೆಗವಚಿಕೊಂಡೇ ಮಲಗುತ್ತಿದ್ದೆ. "ಅಕ್ಕಾ, ಅವ್ರು ಮತ್ತೆ ಬಂದ್ರೆ ನನ್ನ ಬಿಟ್ಟುಕೊಡಬೇಡ" ಅನ್ನುತ್ತಿದ್ದೆ. "ಕೊಡಲ್ಲ ಚಿನ್ನಾ" ಅಂದೆ. ನಿಜ ಹೇಳುವ ಧೈರ್ಯ ನನಗಿರಲಿಲ್ಲ. ಕೈ ಬಿಡಿಸಿಕೊಳ್ಳಲು ಮನಸ್ಸೂ ಬರಲಿಲ್ಲ.