ಪರದೆ ಇರುವುದೇ ಬೇಕು

೨೬ ಸೆಪ್ಟೆಂಬರ್ ೨೦೧೩, ಗುರುವಾರ. ಜಹೀರಾಬಾದ್.

ಎರಡು ವರ್ಷ ಮುಚ್ಚಿಟ್ಟದ್ದನ್ನು ಇವತ್ತು ಬರೆಯುತ್ತೇನೆ. ನಾನು ಕೆಲಸ ಮಾಡುವ ಫ್ಲೆಕ್ಸ್ ಅಂಗಡಿಯಲ್ಲಿ ನನ್ನ ಕೈಚಿತ್ರವೆಂದು ಎಲ್ಲರೂ ಹೊಗಳಿದ್ದು ಇಂಟರ್‌ನೆಟ್ಟಿನ ಫೋಟೊದ ಮೇಲೆ ಮೌಸ್ ಎಳೆದು ನಕಲು ತೆಗೆದದ್ದು. ಒಂದೂ ನನ್ನದಲ್ಲ.

ಪಸ್ತಾಪುರದ ಹೆಂಗಸರ ಸಂಘಕ್ಕೆ ಬೀಜದ ಪೋಸ್ಟರ್ ಒಯ್ದಿದ್ದೆ. ಸಂಘದ ರುಕ್ಮಿಣಿಬಾಯಿ ನೋಡಿ ನಕ್ಕರು. "ಇದು ಯಾವೂರ ನವಣಿ ಅದವ್ವಾ? ನಮ್ಮದು ಕಾಳು ತುಂಬಿದ ಮ್ಯಾಲ ತಲಿ ಬಾಗಸ್ತದ. ಇದು ಪೊಲೀಸರಂಗ ನೆಟ್ಟಗ ನಿಂತದ."

ಫೋಟೊ ನೋಡಿ ಎಳೆದದ್ದೆಂದು ಹೇಳಿಬಿಟ್ಟೆ. ಅವರ ಹೊಲಕ್ಕೇ ಹೋಗಿ ಪೆನ್ಸಿಲಿನಲ್ಲಿ ತೆನೆ ಬರೆದು ತೋರಿಸಿದೆ. "ಹಾಂ, ಇದು ನಮ್ಮದು" ಅಂದರು. ಇಂಥವು ಇನ್ನೂ ಇಪ್ಪತ್ತು ಬೇಕಂತೆ, ಅಚ್ಚಿಗೆಂದು ಕಂಪ್ಯೂಟರಿನಲ್ಲೇ ಬರೆದದ್ದು. ಚೆನ್ನಾಗಿ ಬರದಿದ್ದರೆ ಬೇರೆಯವರಿಗೆ ಕೊಡುತ್ತಾರೆ.

ಮನೆಯಲ್ಲಿ ನನ್ನ ಅಣ್ಣ ಪ್ರಮೋದಣ್ಣ, ಕಂಪ್ಯೂಟರಿಗೆ ಜೋಡಿಸಿ ಪೆನ್ನಿನಿಂದ ಬರೆಯುವ ಅಗ್ಗದ ಪ್ಯಾಡ್ ಸಾಕು ಅನ್ನುತ್ತಾನೆ. ಬೀದರಿನ ಅಂಗಡಿಯಲ್ಲಿ ಅದರ ಮೇಲೆ ಬರೆದು ನೋಡಿದ್ದೇನೆ. ಕೈ ಮೇಜಿನ ಮೇಲೆ, ಗೆರೆ ಮೂಡುವುದು ಎದುರಿನ ಮಾನಿಟರಿನಲ್ಲಿ. ನನ್ನ ತೆನೆ ಪೊರಕೆಯಾಯಿತು. ಪೆನ್ನು ಊರಿದ ಜಾಗದಲ್ಲೇ ಗೆರೆ ಕಾಣುವ ಪರದೆ ನನಗೆ ಬೇಕು. ದೊಡ್ಡ ಕಂಪನಿಯದು ಕೈಗೆಟುಕುವುದಿಲ್ಲ. ಯಾರೂ ಹೆಸರು ಕೇಳದ ಕಂಪನಿಯ, ಬಳಸಿದ ಪರದೆಯೊಂದನ್ನು ಹೈದರಾಬಾದಿನಲ್ಲಿ ಒಬ್ಬ ಮಾರುತ್ತಿದ್ದಾನೆ. ಅದರ ಒಂದು ಮೂಲೆಯಲ್ಲಿ ಪೆನ್ನು ನಡೆಯುವುದಿಲ್ಲವಂತೆ. ಆ ಮೂಲೆ ಖಾಲಿ ಬಿಡುತ್ತೇನೆ.

"ಒಂಬತ್ತನೇ ಕ್ಲಾಸಿಗೇ ಸಾಲಿ ಬಿಟ್ಟಾಕಿ ನೀ. ನಿನಗ್ಯಾಕ ಅಂಥಾ ಮಶೀನು?" ಅಂದ ಅಣ್ಣ.

"ಅದು ಸರ್ಟಿಫಿಕೇಟ್ ಕೇಳಂಗಿಲ್ಲ, ಅಣ್ಣಾ."

ಸಿಟ್ಟಿಗೆದ್ದು ಮಲಗಿದ್ದಾನೆ. ಮಲಗಲಿ. ಅವನ ಕೈಯಿಂದ ನಾನು ಬರೆಯುವುದಿಲ್ಲವಲ್ಲ.

ನಾಡಿದ್ದು ತೆಲಂಗಾಣ ಬಂದ್ ಅನ್ನುತ್ತಿದ್ದಾರೆ, ಬಸ್ಸು ಇರಲಿಕ್ಕಿಲ್ಲ. ನಾಳೆ ಬೆಳಿಗ್ಗೆ ಆರರ ಬಸ್ಸಿಗೇ ಹೈದರಾಬಾದಿಗೆ ಹೋಗುತ್ತಿದ್ದೇನೆ.