ದುರ್ಗಿ ಸಿದ್ದಿ ಅನ್ನುವ ಅಕೌಂಟು

ಯಲ್ಲಾಪುರ,
೯ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ಸಂದೇಶಣ್ಣಾ,

ಹೇಗಿದ್ದೀಯ? ಬೂಟು ಕಚ್ಚಿ ಹಿಮ್ಮಡಿ ಹುಣ್ಣಾಗಿದೆ ಎಂದಿದ್ದೆ, ಒಣಗಿತೇ? ಪೊಲೀಸ್ ತರಬೇತಿಯಲ್ಲಿ ಬೆಳಿಗ್ಗೆ ನಾಲ್ಕಕ್ಕೇ ಎಬ್ಬಿಸಿ ಓಡಿಸುತ್ತಾರೆಂದು ಕೇಳಿದಾಗಿನಿಂದ ಆಯಿಯೂ ನಾಲ್ಕಕ್ಕೇ ಎದ್ದು ಕೂರುತ್ತಾಳೆ, ಹೆತ್ತ ಕರುಳಲ್ಲವೇ. ಮೊಣಕಾಲು ನೋವು ಬಿಟ್ಟರೆ ಆರಾಮಿದ್ದಾಳೆ. ನಿಮಗೆ ವಾರಕ್ಕೆ ಹತ್ತೇ ನಿಮಿಷ ಫೋನು ಕೊಡುತ್ತಾರೆ. ಇವತ್ತಿನ ಹತ್ತು ನಿಮಿಷವನ್ನು ಬೇಕೆಂದೇ ಆಯಿಗೆ ಬಿಟ್ಟುಕೊಟ್ಟೆ. ನನ್ನ ಸಿಟ್ಟು ಅಷ್ಟರಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಈ ಕಾಗದ.

ನನ್ನ ಪೇಜು ನಿಂತುಹೋದ ವಿಷಯ ನಿನಗೆ ಅರ್ಧ ಗೊತ್ತು. ಪೂರ್ತಿ ಹೇಳುವ ಮೊದಲೇ ಹೋದ ತಿಂಗಳು ನಿನ್ನ ಹತ್ತು ನಿಮಿಷ ಮುಗಿದಿತ್ತು. ಫೆಬ್ರವರಿ ನಾಲ್ಕರ ಬೆಳಿಗ್ಗೆ ಪಾರ್ಲರಿನ ಬಾಗಿಲು ತೆಗೆದು ಫೋನು ನೋಡಿದರೆ ಅಕೌಂಟು ತೆರೆಯಲಿಲ್ಲ. ನೀವು ಬೇರೊಬ್ಬರ ಫೋಟೋ ಬಳಸಿ ಅವರಂತೆ ನಟಿಸುತ್ತಿದ್ದೀರಿ, ಮೂವತ್ತು ದಿನದೊಳಗೆ ನೀವೇ ಎಂದು ತೋರಿಸದಿದ್ದರೆ ಎಲ್ಲವನ್ನೂ ಅಳಿಸುತ್ತೇವೆ ಎಂದು ಬರೆದಿತ್ತು. ಯಾರಂತೆ ನಟಿಸುತ್ತಿದ್ದೇನೆ ಎಂದು ಮಾತ್ರ ಬರೆದಿರಲಿಲ್ಲ. ಗುಂಗುರು ಕೂದಲನ್ನು ಸುಡದೆ, ಎಳೆಯದೆ ನೋಡಿಕೊಳ್ಳುವುದು ಹೇಗೆಂದು ಎರಡು ವರ್ಷ ಕೂತು ಮಾಡಿದ ಮುನ್ನೂರು ವಿಡಿಯೋ ಅದರಲ್ಲಿತ್ತು. ಸಿರಸಿ, ಸಿದ್ದಾಪುರದ ಮದುಮಕ್ಕಳು ಅದನ್ನು ನೋಡಿಯೇ ನನ್ನ ಹತ್ತಿರ ಬರುತ್ತಿದ್ದರು. ಆಯಿಯ ತಲೆಗೆ ಎಣ್ಣೆ ಹಚ್ಚಿದ್ದನ್ನೇ ಅರವತ್ತು ಸಾವಿರ ಜನ ನೋಡಿದ್ದರು.

ಬಸ್‌ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಅರ್ಜಿ ತುಂಬಿಕೊಡುವ ವೆಂಕಟ್ರಮಣಣ್ಣ ಇದ್ದಾರಲ್ಲ, ಅವರಲ್ಲಿಗೆ ಹೋದೆ. ಪಾಪ, ಒಳ್ಳೆಯವರು. ಆಧಾರ್ ಕಾರ್ಡಿನ ಫೋಟೋ ತೆಗೆದು ಕಳಿಸಿದರು. ಎರಡು ಗಂಟೆಯಲ್ಲಿ ತಿರಸ್ಕೃತವಾಗಿ ಬಂತು. ಮತ್ತೆ ಕಳಿಸಿದರು, ಮತ್ತೆ ಬಂತು. ಮೂರನೆಯ ಸಲ ಅವರು ಕನ್ನಡಕ ಮೇಲೆ ಸರಿಸಿ ಕಾರ್ಡನ್ನೇ ಓದಿ, "ಎಂತ ಮಾಡೂದು ತಂಗಿ, ಪೇಜಲ್ಲಿ ದುರ್ಗಿ ಸಿದ್ದಿ ಅಂತ ಉಂಟು, ಕಾರ್ಡಲ್ಲಿ ದುರ್ಗಾ ಪರಶುರಾಮ ಅಂತ ಉಂಟು. ಅವರಿಗೆ ಇದು ಬೇರೆ ಹೆಂಗಸು" ಎಂದರು. ಆ ಹೆಸರು ಬರೆಸಿದವನು ನೀನು, ಅಣ್ಣ. ನಾನು ಹೈಸ್ಕೂಲು ಸೇರುವ ವರ್ಷ ಆಧಾರ್ ಮಾಡಿಸಲು ನನ್ನನ್ನು ಕರೆದುಕೊಂಡು ಹೋಗಿ, ಸಿದ್ದಿ ಅಂತಿದ್ದರೆ ಹಾಸ್ಟೆಲ್ಲಿನಲ್ಲಿ ಆಡಿಕೊಳ್ಳುತ್ತಾರೆ, ನನಗಾದದ್ದು ನಿನಗೆ ಬೇಡ ಎಂದೆ. ಶಾಲೆಯ ದಾಖಲೆಯಲ್ಲೂ ಹಾಗೇ ಬರೆಸಿದೆ. ನಿನ್ನ ಪ್ರೀತಿ ನನಗೆ ಗೊತ್ತು. ಆದರೆ ಹೆಸರಿನಿಂದ ತೆಗೆದದ್ದು ಮುಖದಿಂದ ಹೋಗುತ್ತದೆಯೇ? ಹಾಸ್ಟೆಲ್ಲಿನಲ್ಲಿ ಮೊದಲನೇ ದಿನವೇ ಆಡಿಕೊಂಡರು. ಅದನ್ನು ನಿನಗೆ ಇದುವರೆಗೂ ಹೇಳಿರಲಿಲ್ಲ.

ಆಮೇಲೆ ಕಂಪನಿಯವರು ಮುಖದ ವಿಡಿಯೋ ಕೇಳಿದರು. ತಲೆಯನ್ನು ಎಡಕ್ಕೆ, ಬಲಕ್ಕೆ ತಿರುಗಿಸಬೇಕು. ಪಾರ್ಲರಿನಲ್ಲಿ ಮಾಡಿದರೆ ಮುಖ ಸ್ಪಷ್ಟವಾಗಿಲ್ಲ, ಬೆಳಕಿಗೆ ಬನ್ನಿ ಎಂದಿತು. ಕನ್ನಡಿಯ ಮುಂದಿನ ದೀಪ ಎಲ್ಲ ಹಾಕಿದರೂ ಅದೇ. ಕೊನೆಗೆ ಮಧ್ಯಾಹ್ನದ ಸುಡು ಬಿಸಿಲಿನಲ್ಲಿ ಹೆದ್ದಾರಿಯ ಬದಿಗೆ ಹೋಗಿ ನಿಂತೆ. ಬಿಸಿಲಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಚಹಾ ಕುಡಿಯುತ್ತಿದ್ದ ಲಾರಿ ಡ್ರೈವರ್ ಒಬ್ಬ, "ಯಾವ ದೇಶದವರ್ರೀ ನೀವು?" ಎಂದ. "ಇದೇ ಊರಿನವಳು. ನಿಮ್ಮದು ಯಾವ ದೇಶ?" ಎಂದೆ. ಅವನು ನಕ್ಕ. ನಾನು ನಗಲಿಲ್ಲ. ಆ ವಿಡಿಯೋವನ್ನೂ ಒಪ್ಪಲಿಲ್ಲ.

ಅದರ ಮುಂದಿನ ಭಾನುವಾರವೇ ನೀನು ಫೋನಿನಲ್ಲಿ, ಹೋಗಲಿ ಬಿಡು ದುರ್ಗಿ, ಹೊಸ ಅಕೌಂಟು ಮಾಡು, ಸಿದ್ದಿ ಅಂತ ಹಾಕಬೇಡ, ನಿನ್ನ ಫೋಟೋನೂ ಬೇಡ, ಯಾವುದಾದರೂ ಮಾಡೆಲ್ಲಿನದು ಹಾಕು ಎಂದದ್ದು. ಅಂದರೆ ಅವರು ನನ್ನ ಮೇಲೆ ಹೊರಿಸಿದ ತಪ್ಪನ್ನು ಈಗ ನಿಜವಾಗಿ ಮಾಡು ಎಂದಂತಾಯಿತು. ಯೋಚಿಸಿ ಹೇಳಿದೆಯಾ ಅಣ್ಣ? ನಿನ್ನ ಈ ಕೆಲಸಕ್ಕೆ ಅರ್ಜಿ ಹಾಕುವಾಗ ಸಿದ್ದಿ ಎಂದು ಬರೆದ ಜಾತಿ ಪ್ರಮಾಣಪತ್ರ ಬೇಕಾಯಿತು. ಹೆಸರಿಗೆ ಮಾತ್ರ ಬೇಡವಾಯಿತು. ಇಷ್ಟು ಕಟುವಾಗಿ ಬರೆಯಬಾರದಿತ್ತೇನೋ. ಬರೆದದ್ದನ್ನು ಹೊಡೆದು ಹಾಕುವುದಿಲ್ಲ, ಇರಲಿ.

ಯಾರು ದೂರು ಕೊಟ್ಟರು ಎನ್ನುವುದೂ ತಿಳಿಯಿತು. ಸಿದ್ದಾಪುರದ ಕಡೆಯ ಸಂಹಿತಾ ಎಂಬ ಹುಡುಗಿ ಮದುವೆಯ ಅಲಂಕಾರಕ್ಕೆ ಪೇಜಿನ ಮೂಲಕವೇ ನನ್ನಲ್ಲಿ ದಿನ ಗೊತ್ತು ಮಾಡಿದ್ದಳು. ಅವಳ ಗೆಳತಿಯೊಬ್ಬಳು, ಇದು ಆಫ್ರಿಕಾದ ಯಾರದ್ದೋ ಫೋಟೋ, ಮೋಸದ ಪೇಜು ಎಂದಳಂತೆ. ನಮ್ಮ ಸಿದ್ದಿ ಹಿರಿಯರು ಅಲ್ಲಿಂದ ಬಂದು ಎಷ್ಟು ತಲೆಮಾರಾಯಿತು ಎಂದು ಅವಳಿಗೇನು ಗೊತ್ತು. ಸಂಹಿತಾ ಅದನ್ನು ಫೋನಿನಲ್ಲಿ ಕಾಲೇಜಿನ ಗುಂಪಿಗೆ ಹಾಕಿದಳು. ನಲವತ್ತು ಜನ ಕೂತಲ್ಲೇ ದೂರು ಒತ್ತಿದರು. ಒಬ್ಬರೂ ಫೋನು ಮಾಡಿ ಕೇಳಲಿಲ್ಲ. ಮದುವೆ ಹತ್ತಿರ ಬಂತು. ಅವಳ ಗುಂಗುರು ಕೂದಲನ್ನು ನೇರ ಮಾಡದೆ ಕಟ್ಟುವವರು ಬೇರೆಲ್ಲೂ ಸಿಗದೆ, ತಾಯಿಯನ್ನು ಕರೆದುಕೊಂಡು ಕೇಳುತ್ತಾ ಕೇಳುತ್ತಾ ನನ್ನ ಪಾರ್ಲರಿಗೇ ಬಂದಳು. ಬಾಗಿಲಲ್ಲಿ ನನ್ನನ್ನು ನೋಡಿ ನಿಂತು, "ಸಾರಿ ಅಕ್ಕಾ, ನೀವು ನಿಜವಾಗ್ಲೂ ಇದ್ದೀರಿ ಅಂತ ಗೊತ್ತಿರ್ಲಿಲ್ಲ" ಎಂದಳು.

ನಾನು ನಿಜವಾಗಿ ಇದ್ದೇನೆ ಎನ್ನುವುದು ಅವಳಿಗೆ ಸುದ್ದಿ. ಕೈಯಲ್ಲಿದ್ದ ಬಾಚಣಿಗೆಯನ್ನು ಕೆಳಗಿಟ್ಟೆ. ಎಸೆಯಬೇಕು ಅನ್ನಿಸಿತ್ತು. "ಅದೇ ಗುಂಪಿನಲ್ಲಿ ಈಗಲೇ ಬರೀರಿ. ಬರೆದದ್ದನ್ನು ನನಗೆ ಓದಿ ಹೇಳಿ. ಆಮೇಲೆ ತಲೆ ಮುಟ್ತೇನೆ" ಎಂದೆ. ತಾಯಿಗೆ ಸಿಟ್ಟು ಬಂತು. "ಇಷ್ಟಕ್ಕೆಲ್ಲ ಎಂತಕ್ಕೆ ಮಗಳೆ, ಬೇರೆ ಕಡಿಗೆ ಹೋಪನ ಬಾ" ಎಂದು ಮಗಳ ಕೈ ಹಿಡಿದರು. ಹುಡುಗಿ ಕೈ ಬಿಡಿಸಿಕೊಂಡು, "ಇಲ್ಲೆ ಅಮ್ಮ, ತಪ್ಪು ಎನ್ನದು. ಆನು ಬರೀತೆ" ಎಂದು ಕುರ್ಚಿಯಲ್ಲಿ ಕೂತು ಬರೆದಳು. ನನ್ನ ಊರು, ನನ್ನ ಹೆಸರು, ತಾನು ಮಾಡಿದ್ದು ಎಲ್ಲವನ್ನೂ ಬರೆದು ಓದಿದಳು. ತಲೆ ಮುಟ್ಟಿದೆ, ಚೆನ್ನಾಗಿಯೇ ಕಟ್ಟಿಕೊಟ್ಟೆ. ಕ್ಷಮಿಸಿದ್ದೇನೆ ಎಂದು ಮಾತ್ರ ಹೇಳಲಿಲ್ಲ.

ಕೊನೆಗೆ ದಾರಿ ತೋರಿಸಿದವಳು ಆಯಿ. ಅವಳ ಟ್ರಂಕಿನಲ್ಲಿ ನನ್ನ ಜನನ ಪ್ರಮಾಣಪತ್ರ ಇತ್ತು. ಅಪ್ಪ ಇದ್ದಾಗ ತಾನೇ ನಿಂತು ಬರೆಸಿದ್ದು: ದುರ್ಗಿ ಪರಶುರಾಮ ಸಿದ್ದಿ. ಅದರ ಇಂಗ್ಲಿಷ್ ನಕಲಿಗಾಗಿ ಎರಡು ಸಲ ಕಚೇರಿಗೆ ಅಲೆದೆ. ವೆಂಕಟ್ರಮಣಣ್ಣ ಇಪ್ಪತ್ತೊಂಬತ್ತನೆಯ ದಿನ ಅದನ್ನು ಕಳಿಸಿದರು. ಮೊನ್ನೆ ಗುರುವಾರ ಅಕೌಂಟು ತೆರೆಯಿತು. ತೊಂದರೆಗೆ ವಿಷಾದಿಸುತ್ತೇವೆ ಎಂದು ಒಂದು ಸಾಲು ಕಳಿಸಿದ್ದರು, ಯಾರ ಹೆಸರೂ ಇಲ್ಲದ ಸಾಲು. ಆಯಿ ಬೆಲ್ಲ ಹಾಕಿ ಪಾಯಸ ಮಾಡಿದಳು. ನಾನು ಉಂಡೆ, ಆದರೆ ಸಂತೋಷ ಇನ್ನೂ ಬಂದಿಲ್ಲ. ಒಬ್ಬಳು ತಾನೇ ತಾನು ಎಂದು ತೋರಿಸಲು ಒಂದು ತಿಂಗಳು ಹಿಡಿಯಬಾರದು. ಆಧಾರಿನಲ್ಲಿ ಹೆಸರು ಸರಿಪಡಿಸಲು ನಿನ್ನೆಯೇ ಅರ್ಜಿ ಕೊಟ್ಟೆ. ನಿನ್ನನ್ನು ಕೇಳಲಿಲ್ಲ.

ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚು, ಹೊಟ್ಟೆ ತುಂಬ ಉಣ್ಣು. ಸಿಟ್ಟು ನನ್ನದು. ಆಯಿಯ ಆಶೀರ್ವಾದವನ್ನು ಅದರಲ್ಲಿ ಕಳೆಯದೆ ಇಡಿಯಾಗಿ ಕಳಿಸುತ್ತಿದ್ದೇನೆ.

ನಿನ್ನ ತಂಗಿ,
ದುರ್ಗಿ ಪರಶುರಾಮ ಸಿದ್ದಿ

ತಾ.ಕ.: ಇದನ್ನು ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ತಡೆದೆ. ಕಾಗದ ಮಡಚುವಾಗ ತಡೆಯಲಾಗಲಿಲ್ಲ. ತರಬೇತಿ ಮುಗಿಯುವ ದಿನದ ಪರೇಡಿಗೆ ಎಲ್ಲರ ಮನೆಯವರೂ ಬರುತ್ತಾರಂತೆ. ನೀನು ಮಾತ್ರ ಇವತ್ತು ಆಯಿಗೆ, ದೂರ ಬಹಳ, ಬಿಸಿಲು ಬಹಳ, ಬರುವುದು ಬೇಡ ಎಂದೆಯಂತೆ. ಆಯಿ ನಂಬಿದಳು. ನಾನು ನಂಬಲಿಲ್ಲ. ಒಬ್ಬನನ್ನೇ ಯಾವ ದೇಶ ಎಂದು ಕೇಳುವವರು ಮೂವರನ್ನು ಒಟ್ಟಿಗೆ ಕಂಡರೆ ಇನ್ನಷ್ಟು ಕೇಳುತ್ತಾರೆ ಎಂಬ ಅಂಜಿಕೆ ನಿನ್ನದು. ಹುಬ್ಬಳ್ಳಿಯಿಂದ ರೈಲಿಗೆ ಇಬ್ಬರ ಟಿಕೆಟ್ ಆಗಿದೆ. ಮುಂದಿನ ಸಾಲಿನಲ್ಲಿ ಕೂರುತ್ತೇವೆ. ಇವರು ಯಾರು ಎಂದು ನಿನ್ನ ಜೊತೆಯವರು ಕೇಳಿದರೆ ಏನು ಹೇಳುತ್ತೀಯೋ, ಅಷ್ಟರೊಳಗೆ ಯೋಚಿಸಿಕೋ.