ಖಾಲಿ ಲಾಳಿಯ ಸದ್ದು

ಅವ್ವಾ,

ಹೇಗಿದ್ದೀಯ ಎಂದು ಕೇಳುವ ರೂಢಿ ನೀನು ಬದುಕಿದ್ದಾಗಲೇ ನಮ್ಮ ನಡುವೆ ಇರಲಿಲ್ಲ. ಈಗ ಕೇಳಿದರೆ ನೀನೇ ನಕ್ಕೀಯ.

ಮೊಳಕಾಲ್ಮೂರಿನ ಮನೆಯಲ್ಲಿ ಒಂದು ಮಧ್ಯಾಹ್ನ ನಿನಗೆ ನೀರು ಕೊಡಲು ಬಂದಿದ್ದೆ. ನೀನು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಎಸೆಯುತ್ತಿದ್ದೆ, ಆದರೆ ಅದರಲ್ಲಿ ರೇಷ್ಮೆಯ ಎಳೆಯೇ ಇರಲಿಲ್ಲ. ಸೀರೆ ಬೆಳಗ್ಗೆ ಎಲ್ಲಿತ್ತೋ ಅಲ್ಲೇ ಇತ್ತು. ಜಗಲಿಯಲ್ಲಿ ಅಪ್ಪ ಪಕ್ಕದ ಮನೆಯವರಿಗೆ, "ಮಗ್ಗ ಆಡ್ತೈತೆ, ಇವತ್ತು ಹುಷಾರಾಗಿ ಅದಾಳೆ" ಎನ್ನುತ್ತಿದ್ದ. ನಮ್ಮ ಬೀದಿಯಲ್ಲಿ ಸದ್ದು ನಿಂತರಷ್ಟೇ ಜನ ಇಣುಕುತ್ತಿದ್ದರು. ನೀನು ಮೆಲ್ಲಗೆ, "ಎದ್ದೇಳಾಕೆ ಆಗ್ತಿಲ್ಲ ಕಣೇ, ಯಾರ್ಗೂ ಹೇಳಬ್ಯಾಡ" ಎಂದೆ. ನಾನು ಹೇಳಲಿಲ್ಲ. ಎಂಥ ವಿಧೇಯ ಮಗಳು!

ಅದೇ ಕಾಯಿಲೆ ನನಗೂ ಬಂತು. ಚಳ್ಳಕೆರೆಯ ಈ ಮನೆಯಲ್ಲಿ ಮಗ್ಗವಿಲ್ಲ, ಇವರಿಗೆ ಎಣ್ಣೆ ಗಿರಣಿಯಲ್ಲಿ ಕೆಲಸ, ಕೊರತೆ ಏನೂ ಇಲ್ಲ. ಆದರೂ ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವಷ್ಟರಲ್ಲಿ... ನಿನಗೆ ವಿವರಿಸಬೇಕೇ? ಮನೆಯಲ್ಲಿ ತಲೆನೋವೆಂದು ಹೇಳಿದ್ದೇನೆ; ಡಾಕ್ಟರ ಹತ್ತಿರ ಹೋಗುವುದೂ ಅದಕ್ಕೇ ಎಂದು.

ದಾವಣಗೆರೆಯ ಡಾಕ್ಟರ ಹತ್ತಿರ ಎರಡು ವರ್ಷ ಮಾತಾಡಿದೆ. ಹೌದವ್ವ, ಮಾತಾಡುವುದೇ ಚಿಕಿತ್ಸೆ. ಅವರು ಸುಮ್ಮನೆ ಕೇಳುತ್ತಿದ್ದರು; ನಾನು ಅಪ್ಪ, ಅತ್ತೆ, ಬಾಲ್ಯ ಎಲ್ಲ ಹೇಳುತ್ತಿದ್ದೆ, ನಿನ್ನ ಆ ಮಧ್ಯಾಹ್ನವೊಂದನ್ನು ಬಿಟ್ಟು. ಬಸ್ಸು ಚಿತ್ರದುರ್ಗ ದಾಟುವಷ್ಟರಲ್ಲಿ ಎದೆ ಮತ್ತೆ ಭಾರ. ಆಮೇಲೆ ಹೋದ ಬಳ್ಳಾರಿಯ ಡಾಕ್ಟರ್ ಮೇಡಂ ಬೇರೆ ಥರ. ದಿನವೂ ಏನು ಮಾಡಿದೆ, ಆಗ ಮನಸ್ಸಿಗೆ ಏನನ್ನಿಸಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಸಿದರು. ಅಡುಗೆ ಮಾಡಿದೆ, ನಕ್ಕೆ, ಎಂದು ದುಂಡಗೆ ಬರೆದೆ. ಎಲ್ಲ ಸುಳ್ಳು. ಇವೆರಡರಲ್ಲಿ ಯಾವುದು ಮೇಲೆಂದು ಹೇಗೆ ಹೇಳಲಿ? ಎರಡು ಕಡೆಯೂ ನಾನು ಬರೀ ಸದ್ದು ಮಾಡಿ ಬಂದೆ.

ಹೋದ ವಾರ ಮೇಡಂ ನೋಟ್‌ಬುಕ್ ಮುಚ್ಚಿ, "ಮನೇಲಿ ಯಾರಿಗೆ ಗೊತ್ತೈತಮ್ಮ ಇದು?" ಎಂದರು.

"ಯಾರ್ಗೂ ಗೊತ್ತಿಲ್ರಿ."

"ಒಬ್ರಿಗೆ ಹೇಳಿ ಬರ್ರಿ. ಬರೆಯೋದು ಆಮೇಲೆ."

ಮೂರು ದಿನ ಮಾತು ನುಂಗಿದೆ. ಹುಚ್ಚಿ ಎಂದು ತವರಿಗೆ ಕಳಿಸಿಬಿಟ್ಟರೆ? ನೀನಿಲ್ಲದ ಮೇಲೆ ತವರಾದರೂ ಎಲ್ಲಿದೆ? ನಿನ್ನೆ ಬೆಳಗ್ಗೆ ಇವರು ಗಿರಣಿಗೆ ಹೊರಟು ಊಟದ ಡಬ್ಬಿ ಕೇಳಿದಾಗ, ಹಾಸಿಗೆಯಿಂದಲೇ ಹೇಳಿಬಿಟ್ಟೆ: "ತಲೆನೋವಲ್ರಿ ಇದು. ನಂಗೆ ಯಾವುದಕ್ಕೂ ಮನಸ್ಸೇ ಬರ್ತಿಲ್ಲ."

ಇವರು ಚಪ್ಪಲಿ ಬಿಟ್ಟು ಒಳಗೆ ಬಂದು ನೆಲದ ಮೇಲೆ ಕೂತರು. "ಎಷ್ಟ್ ದಿನದಿಂದ?"

"ಹನ್ನೊಂದು ವರ್ಷ" ಎಂದೆ.

ನಮ್ಮ ಮದುವೆಯಾಗಿ ಹನ್ನೆರಡು, ಅವ್ವ. ಇವರು ನಿನ್ನೆ ಗಿರಣಿಗೆ ಹೋಗಲಿಲ್ಲ.